ಮಾರ್ಗಕೋಷ್ಟಕ ಮತ್ತು ರವಾನೆಕೋಷ್ಟಕ: ಒಂದು ವಿಭಜನೆಯ ಇತಿಹಾಸ

ಗಣಕಜಾಲಗಳ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಜಾಲದ ಹುಟ್ಟು, ಅದರ ವಿಸ್ತಾರ, ಅದನ್ನು ಕಟ್ಟಿದವರ ಸಾಹಸ ಇವುಗಳ ಮೇಲೆಯೇ ದೃಷ್ಟಿಯಿಟ್ಟಿದ್ದಾರೆ. ಜಾಲದ ಪ್ರತಿಯೊಂದು ಕೂಡುದಾರಿಯಲ್ಲಿಯೂ ನಿಂತು, ಬಂದ ಮಾಹಿತಿಯನ್ನು ಮುಂದಿನ ದಾರಿಗೆ ಸಾಗಿಸುವ ರೌಟರ್ ಎಂಬ ಯಂತ್ರದ ಒಳರಚನೆಯ ಇತಿಹಾಸಕ್ಕೆ ದೊರೆತಿರುವ ಗಮನ ಅಲ್ಪವೆಂದೇ ಹೇಳಬೇಕು. ಇಂದಿನ ಯಾವುದೇ ದೊಡ್ಡ ರೌಟರನ್ನು ಪರಿಶೀಲಿಸಿದರೂ ಅದರಲ್ಲಿ ಎರಡು ಕೋಷ್ಟಕಗಳು ಕಾಣುತ್ತವೆ. ನೆರೆಯ ರೌಟರುಗಳಿಂದ ಕೇಳಿ ತಿಳಿದ ಮಾರ್ಗಗಳೆಲ್ಲ ಒಂದರಲ್ಲಿ ದಾಖಲಾಗಿರುತ್ತವೆ, ಇದು ಮಾರ್ಗಕೋಷ್ಟಕ. ಬಂದ ಪ್ಯಾಕೆಟ್ಟನ್ನು ಯಾವ ತಂತಿಗೆ ದೂಡಬೇಕೆಂಬ ಒಂದೇ ಸಂಗತಿ ಇನ್ನೊಂದರಲ್ಲಿರುತ್ತದೆ, ಇದು ರವಾನೆಕೋಷ್ಟಕ. ಒಂದೇ ವಿಷಯವನ್ನು ಎರಡೆಡೆ ಬರೆದಿಡುವುದು ಮೇಲುನೋಟಕ್ಕೆ ವ್ಯರ್ಥವೆಂದು ತೋರುವುದು ಸಹಜ. ಈ ವಿಭಜನೆ ೨೦೦೮ರಲ್ಲಿ ಓಪನ್‌ಫ್ಲೋ ಎಂಬ ಯೋಜನೆಯೊಡನೆ ಬಂದ ಹೊಸ ತತ್ತ್ವವೆಂಬ ಭಾವನೆಯೂ ಅಲ್ಲಲ್ಲಿ ಪ್ರಚಾರದಲ್ಲಿದೆ. ಆಧಾರಗಳನ್ನು ನೋಡಿದರೆ ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಮತ್ತು ಅದು ತತ್ತ್ವಚಿಂತನೆಯಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಪೆಟ್ಟು ತಿಂದು ಕಲಿತ ಪಾಠವೆಂಬುದು ಸ್ಪಷ್ಟವಾಗುತ್ತದೆ.

ವಿಷಯದ ಒಳಹೊಗುವ ಮುನ್ನ ರೌಟರಿನ ಕೆಲಸವನ್ನು ನಮಗೆ ಪರಿಚಿತವಾದ ಅಂಚೆಯ ವ್ಯವಸ್ಥೆಯಿಂದ ತಿಳಿಯುವುದು ಸುಲಭ. ರೈಲ್ವೆ ಮೇಲ್ ಸರ್ವೀಸಿನ ವಿಂಗಡಣೆಯ ಕೋಣೆಯಲ್ಲಿ ಸಾರ್ಟರನ ಮುಂದೆ ಗೂಡುಗಳ ಸಾಲಿರುತ್ತದೆ. ಕೈಗೆ ಬಂದ ಕಾಗದದ ವಿಳಾಸವನ್ನು ನೋಡಿ ಅದನ್ನು ತಕ್ಕ ಗೂಡಿಗೆ ಹಾಕುವುದಷ್ಟೆ ಅವನ ಕೆಲಸ. ಯಾವ ಊರಿನ ಕಾಗದ ಯಾವ ಗಾಡಿಗೆ ಹೋಗಬೇಕು, ಗಾಡಿಯ ವೇಳೆ ಬದಲಾದಾಗ ಯಾವ ಚೀಲವನ್ನು ಎಲ್ಲಿಗೆ ತಿರುಗಿಸಬೇಕು ಎಂಬ ನಿರ್ಣಯ ಬೇರೆ ಕಡೆ, ನಿಧಾನವಾಗಿ, ಹಲವು ಪತ್ರಗಳನ್ನು ತೂಗಿನೋಡಿ ಆಗುವಂಥದು. ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ಪಿನ್ ಕೋಡನ್ನೂ ಇಲ್ಲಿ ನೆನೆಯಬಹುದು. ೫ರಿಂದ ಮೊದಲಾಗುವ ಸಂಖ್ಯೆಯೆಲ್ಲ ದಕ್ಷಿಣದ ಒಂದು ವಲಯಕ್ಕೆ ಸೇರಿದ್ದು. ೫೬೦ ಎಂದರೆ ಬೆಂಗಳೂರು. ೫೮೦ ಎಂದರೆ ಧಾರವಾಡ-ಹುಬ್ಬಳ್ಳಿಯ ಕಡೆ. ಮುಂಬಯಿಯ ಸಾರ್ಟರನಲ್ಲಿ ೫ಕ್ಕೆ ಒಂದು ಗೂಡು, ೫೮೦ಕ್ಕೆ ಬೇರೊಂದು ಗೂಡು ಇವೆಯೆನ್ನೋಣ. ೫೮೦೦೦೧ ಎಂದು ಬರೆದ ಕಾಗದ ಎರಡಕ್ಕೂ ಹೊಂದುತ್ತದೆ. ಆದರೂ ಅದು ಹೋಗಬೇಕಾದದ್ದು ಹೆಚ್ಚು ಅಂಕಗಳು ಹೊಂದುವ ಗೂಡಿಗೆ. ಅಂತರ್ಜಾಲದ ವಿಳಾಸಗಳ ವಿಷಯದಲ್ಲಿ ರೌಟರು ಪಾಲಿಸುವ ನಿಯಮವೂ ಇದೇ. ಅತಿ ಉದ್ದವಾಗಿ ಹೊಂದುವ ಆದಿಭಾಗವನ್ನು ಅದು ಹುಡುಕುತ್ತದೆ. ಈ ಹುಡುಕಾಟವೇ ಮುಂದೆ ತೊಡಕಿನ ಮೂಲವಾಯಿತು.

ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾನೆಟ್ ಜಾಲಕ್ಕಾಗಿ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಸಂಸ್ಥೆ ೧೯೬೯ರಲ್ಲಿ ಸಿದ್ಧಪಡಿಸಿದ ಐ.ಎಂ.ಪಿ. ಯಂತ್ರವನ್ನು ಇಂದಿನ ರೌಟರುಗಳ ಪೂರ್ವಜವೆನ್ನುವುದು ವಾಡಿಕೆ. ಅದರ ಒಳಗಿದ್ದದ್ದು ಹನಿವೆಲ್ ಕಂಪನಿಯ ಡಿ.ಡಿ.ಪಿ. ೫೧೬ ಎಂಬ ಗಣಕ. ಸ್ಮೃತಿ ೧೬ ಬಿಟ್ಟುಗಳ ೧೨ ಸಾವಿರ ಪದಗಳಷ್ಟು. ಆ ವರ್ಷದ ಕೊನೆಗೆ ಜಾಲದಲ್ಲಿ ಇದ್ದವು ನಾಲ್ಕೇ ನೆಲೆಗಳು. ಪ್ರತಿಯೊಂದು ಐ.ಎಂ.ಪಿ.ಯೂ ಇಂಥ ನೆಲೆಗೆ ತಾನು ಎಷ್ಟು ಹೊತ್ತಿನಲ್ಲಿ ಪ್ಯಾಕೆಟ್ಟನ್ನು ಮುಟ್ಟಿಸಬಲ್ಲೆನೆಂಬ ಅಂದಾಜಿನ ಪಟ್ಟಿಯನ್ನು ಒಂದು ಸೆಕೆಂಡಿಗೂ ಕಡಮೆ ಅವಧಿಗೊಮ್ಮೆ ನೆರೆಯವರಿಗೆ ಕಳುಹಿಸುತ್ತಿತ್ತು. ಅವರ ಪಟ್ಟಿಗಳನ್ನು ನೋಡಿ ತನ್ನದನ್ನು ತಿದ್ದಿಕೊಳ್ಳುತ್ತಿತ್ತು. ನೆಲೆಗೊಂದು ಸಾಲಿನ ಈ ಚಿಕ್ಕ ಕೋಷ್ಟಕವೇ ಅರಿವಿಗೂ ರವಾನೆಗೂ ಒಟ್ಟಿಗೆ ಸಾಕಾಗಿತ್ತು. ನೆಲೆಯ ಸಂಖ್ಯೆಯನ್ನು ಹಿಡಿದು ನೇರವಾಗಿ ಸಾಲಿಗೆ ಹೋಗಬಹುದಾದುದರಿಂದ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಎರಡನೆಯ ಕೋಷ್ಟಕದ ಅಗತ್ಯ ಆಗ ಯಾರಿಗೂ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಬೇರೊಂದು ದಿಕ್ಕಿನಿಂದ. ೧೯೭೦ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಐ.ಎಂ.ಪಿ.ಯ ಸ್ಮೃತಿಯಲ್ಲಿ ದೋಷವುಂಟಾಗಿ, ಎಲ್ಲ ನೆಲೆಗಳಿಗೂ ತನ್ನಿಂದ ದೂರ ಸೊನ್ನೆಯೆಂದು ಅದು ನೆರೆಯವರಿಗೆ ಸಾರತೊಡಗಿತು. ನೆರೆಯವರು ನಂಬಿದರು, ಜಾಲದ ಸಂಚಾರವೆಲ್ಲ ಹಾರ್ವರ್ಡಿನತ್ತ ಹರಿದು ಅಲ್ಲಿಯೇ ಮಾಯವಾಯಿತು. ಕೋಷ್ಟಕವೆಂಬುದು ಕೇವಲ ಯಂತ್ರದ ಭಾಗವಲ್ಲ, ಪರರ ಮಾತನ್ನು ನಂಬಿ ಬರೆದ ದಾಖಲೆಯೆಂಬ ಸತ್ಯ ಇದರಿಂದ ಮನದಟ್ಟಾಯಿತು. ೧೯೭೯ರಲ್ಲಿ ಮೆಕ್‌ಕ್ವಿಲನ್, ರಿಚರ್ ಮತ್ತು ರೋಸೆನ್ ಇವರು ರೂಪಿಸಿದ ಹೊಸ ಕ್ರಮ ಬಳಕೆಗೆ ಬಂದಿತು. ಇದರಲ್ಲಿ ಪ್ರತಿಯೊಂದು ನೆಲೆಯೂ ತನಗೆ ತಗುಲಿದ ತಂತಿಗಳ ಸ್ಥಿತಿಯನ್ನು ಮಾತ್ರ ಜಾಲಕ್ಕೆಲ್ಲ ಸಾರುತ್ತದೆ. ಕೇಳಿದವರು ಜಾಲದ ಪೂರ್ಣ ನಕ್ಷೆಯನ್ನು ತಾವೇ ಕಟ್ಟಿಕೊಂಡು, ಡೈಕ್‌ಸ್ಟ್ರಾ ೧೯೫೯ರಲ್ಲಿ ಪ್ರಕಟಿಸಿದ ವಿಧಾನದಂತೆ ಅತಿ ಹತ್ತಿರದ ದಾರಿಗಳನ್ನು ಲೆಕ್ಕಹಾಕುತ್ತಾರೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಕ್ಷೆಯೇ ಬೇರೆ, ನಕ್ಷೆಯಿಂದ ಇಳಿಸಿದ ದಾರಿಗಳ ಪಟ್ಟಿಯೇ ಬೇರೆ. ವಿಭಜನೆಯ ಬೀಜ ಇಲ್ಲಿಯೇ ಬಿದ್ದಿತೆನ್ನಬಹುದು. ಆದರೆ ಎರಡು ಕೆಲಸವನ್ನೂ ಮಾಡುತ್ತಿದ್ದ ಯಂತ್ರ ಮಾತ್ರ ಇನ್ನೂ ಒಂದೇ.

ಅದರ ಫಲ ೧೯೮೦ರ ಅಕ್ಟೋಬರ್ ೨೭ರಂದು ಕಂಡಿತು. ಅಂದು ಅರ್ಪಾನೆಟ್ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ೫೦ನೆಯ ನೆಲೆಯ ಹೆಸರು ಹೊತ್ತ ಮೂರು ಸುದ್ದಿಗಳು ಜಾಲದಲ್ಲಿ ತಿರುಗುತ್ತಿದ್ದವು. ಅವುಗಳ ಕ್ರಮಸಂಖ್ಯೆಗಳು ೮, ೪೦ ಮತ್ತು ೪೪. ಕ್ರಮಸಂಖ್ಯೆಗೆ ಆರೇ ಬಿಟ್ಟುಗಳಿದ್ದುದರಿಂದ ಎಣಿಕೆ ೬೩ರ ಬಳಿಕ ಮತ್ತೆ ಸೊನ್ನೆಗೆ ಮರಳುತ್ತಿತ್ತು. ಹೀಗಾಗಿ ಚಕ್ರಾಕಾರದ ಎಣಿಕೆಯಲ್ಲಿ ೮ಕ್ಕಿಂತ ೪೦ ಹೊಸದು, ೪೦ಕ್ಕಿಂತ ೪೪ ಹೊಸದು, ೪೪ಕ್ಕಿಂತ ೮ ಹೊಸದು! ೪೪ನ್ನು ದ್ವಿಮಾನದಲ್ಲಿ ಬರೆದು ಒಂದು ಬಿಟ್ಟನ್ನು ಅಳಿಸಿದರೆ ೪೦, ಇನ್ನೊಂದನ್ನು ಅಳಿಸಿದರೆ ೮. ೨೯ನೆಯ ನೆಲೆಯ ಯಂತ್ರ ಬಿಟ್ಟುಗಳನ್ನು ಕಳೆಯುತ್ತಿದ್ದುದೇ ಇದಕ್ಕೆ ಮೂಲವೆಂದು ತರುವಾಯ ಗೊತ್ತಾಯಿತು. ಪ್ರತಿ ನೆಲೆಯೂ ಪ್ರತಿ ಸುದ್ದಿಯನ್ನೂ ಹೊಸದೆಂದು ಬಗೆದು ಸ್ವೀಕರಿಸಿ ಮತ್ತೆ ಸಾರುತ್ತ ಹೋಯಿತು. ಮಾರ್ಗದ ಸುದ್ದಿಗಳಿಗೆ ಪ್ರೊಸೆಸರಿನಲ್ಲಿ ಮೇಲಿನ ಪ್ರಾಧಾನ್ಯ ಕೊಟ್ಟಿದ್ದುದರಿಂದ, ಉಳಿದ ಕೆಲಸಗಳಿಗೆ, ತಂತಿ ಜೀವಂತವಾಗಿದೆಯೆ ಎಂದು ಪರೀಕ್ಷಿಸುವ ಕೆಲಸಕ್ಕೆ ಕೂಡ, ವೇಳೆಯೇ ಉಳಿಯಲಿಲ್ಲ. ೫೦ನೆಯ ನೆಲೆಯ ಸುದ್ದಿಯನ್ನು ಲೆಕ್ಕಿಸಬಾರದೆಂದು ಯಂತ್ರಗಳನ್ನು ತಿದ್ದಿದ ಮೇಲೆಯೇ ಜಾಲ ಚೇತರಿಸಿಕೊಂಡಿತು. ರೋಸೆನ್ ೧೯೮೧ರಲ್ಲಿ ಬರೆದ ವರದಿ ಈ ಘಟನೆಯ ವಿವರಕ್ಕೆ ಇಂದಿಗೂ ಪ್ರಮಾಣ. ಅಂದಿನ ಚರ್ಚೆ ಕ್ರಮಸಂಖ್ಯೆಯ ದೋಷದ ಸುತ್ತಲೇ ಹೆಚ್ಚಾಗಿ ನಡೆಯಿತು. ಇಂದು ಹಿಂದಿರುಗಿ ನೋಡಿದಾಗ ಇನ್ನೊಂದು ಸಂಗತಿ ಹೆಚ್ಚು ಮಹತ್ತ್ವದ್ದೆಂದು ತೋರುತ್ತದೆ. ದಾರಿಯನ್ನು ಯೋಚಿಸುವ ಕೆಲಸವೂ ಪ್ಯಾಕೆಟ್ಟನ್ನು ಸಾಗಿಸುವ ಕೆಲಸವೂ ಒಂದೇ ಪ್ರೊಸೆಸರಿನ ಹೊತ್ತನ್ನು ಹಂಚಿಕೊಂಡಿದ್ದಾಗ, ಯೋಚನೆ ಮಿತಿಮೀರಿದರೆ ಸಾಗಣೆ ನಿಲ್ಲುತ್ತದೆ.

ಯಂತ್ರಗಳನ್ನು ಬೇರ್ಪಡಿಸುವ ಮುನ್ನವೇ ತಂತ್ರಾಂಶದಲ್ಲಿ ಬೇರ್ಪಾಟು ಆಗಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ೧೯೮೩ರಲ್ಲಿ ಹೊರತಂದ ಯುನಿಕ್ಸಿನ ೪.೨ ಆವೃತ್ತಿಯಲ್ಲಿ ನೆರೆಯವರೊಡನೆ ಸಂಭಾಷಿಸುವ ಕೆಲಸವನ್ನು ರೌಟ್‌ಡಿ ಎಂಬ ಸಾಮಾನ್ಯ ಕ್ರಮವಿಧಿಗೆ ಒಪ್ಪಿಸಲಾಗಿತ್ತು. ಪ್ಯಾಕೆಟ್ಟುಗಳನ್ನು ಸಾಗಿಸುತ್ತಿದ್ದುದು ಯುನಿಕ್ಸಿನ ತಿರುಳಾದ ಕರ್ನೆಲ್, ತನ್ನದೇ ಕೋಷ್ಟಕವನ್ನು ನೋಡಿ. ಬಳಿಕ ಬಂದ ಗೇಟ್‌ಡಿ ಎಂಬ ಕ್ರಮವಿಧಿ ಹಲವು ಮೂಲಗಳಿಂದ ಬಂದ ಮಾರ್ಗಗಳನ್ನೆಲ್ಲ ತನ್ನಲ್ಲಿ ಇಟ್ಟುಕೊಂಡು, ಅವುಗಳಲ್ಲಿ ಉತ್ತಮವಾದುದನ್ನು ಮಾತ್ರ ಕರ್ನೆಲಿಗೆ ಇಳಿಸುತ್ತಿತ್ತು. ಎರಡು ಕೋಷ್ಟಕಗಳ ಸಂಬಂಧ ಇಲ್ಲಿ ಪೂರ್ತಿಯಾಗಿ ರೂಪುಗೊಂಡಿದೆ.

೧೯೮೮ರ ಜುಲೈಯಲ್ಲಿ ಕಾರ್ಯಾರಂಭ ಮಾಡಿದ ಎನ್.ಎಸ್.ಎಫ್. ನೆಟ್ ಬೆನ್ನೆಲುಬುಜಾಲ ಮುಂದಿನ ಹೆಜ್ಜೆಯನ್ನಿಟ್ಟಿತು. ಮೆರಿಟ್, ಐ.ಬಿ.ಎಂ. ಮತ್ತು ಎಂ.ಸಿ.ಐ. ಸಂಸ್ಥೆಗಳು ಕೂಡಿ ಕಟ್ಟಿದ ಈ ಜಾಲದ ತಂತಿಗಳ ವೇಗ ಸೆಕೆಂಡಿಗೆ ಸುಮಾರು ೧೫ ಲಕ್ಷ ಬಿಟ್ಟುಗಳು. ಪ್ರತಿ ನೆಲೆಯಲ್ಲಿಯೂ ಐ.ಬಿ.ಎಂ. ಕಂಪನಿಯ ಆರ್.ಟಿ. ಗಣಕಗಳನ್ನು ಟೋಕನ್ ರಿಂಗಿನಿಂದ ಒಂದುಗೂಡಿಸಿ ಒಂದು ರೌಟರೆಂಬಂತೆ ನಡೆಸುತ್ತಿದ್ದರು. ಆ ಗುಂಪಿನಲ್ಲಿ ಒಂದು ಗಣಕಕ್ಕೆ ಮಾರ್ಗನಿಯಂತ್ರಣದ ಕೆಲಸ. ಪ್ಯಾಕೆಟ್ ಸಾಗಿಸುವ ಕೆಲಸ ಬೇರೆ ಗಣಕಗಳಿಗೆ. ನಿಯಂತ್ರಕ ಗಣಕ ಲೆಕ್ಕಹಾಕಿದ ದಾರಿಗಳನ್ನು ಉಳಿದವು ಪಡೆದುಕೊಂಡು ತಮ್ಮ ಪಾಡಿಗೆ ರವಾನೆ ನಡೆಸುತ್ತಿದ್ದವು. ಅರಿವು ಮತ್ತು ರವಾನೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ನೆಲಸಿದ್ದು ಇಲ್ಲಿ ನಿಸ್ಸಂದೇಹವಾಗಿ ಕಾಣುತ್ತದೆ, ಓಪನ್‌ಫ್ಲೋಗೆ ೨೦ ವರ್ಷಗಳ ಹಿಂದೆ. ಕಾರಣ ಮಾತ್ರ ಪ್ರಾಪಂಚಿಕವಾದುದು: ಅಂದು ದೊರೆಯುತ್ತಿದ್ದ ಒಂದು ಗಣಕದಿಂದ ಎರಡನ್ನೂ ಮಾಡಿಸುವುದು ಆಗುತ್ತಿರಲಿಲ್ಲ.

ಮಾರುಕಟ್ಟೆಯಲ್ಲಿ ಗೆದ್ದ ರೌಟರುಗಳು ಕೆಲಕಾಲ ಬೇರೆ ಹಾದಿ ಹಿಡಿದವು. ೧೯೮೪ರಲ್ಲಿ ಸ್ಥಾಪಿತವಾದ ಸಿಸ್ಕೋ ಕಂಪನಿಯ ರೌಟರುಗಳಲ್ಲಿ ಮೊದಲು ಪ್ರತಿ ಪ್ಯಾಕೆಟ್ಟಿಗೂ ಮಾರ್ಗಕೋಷ್ಟಕವನ್ನೇ ಹುಡುಕುತ್ತಿದ್ದರು. ಇದು ನಿಧಾನವಾದುದರಿಂದ ಕ್ಯಾಶ್ ಎಂಬ ಉಪಾಯವನ್ನು ಅಳವಡಿಸಿದರು. (ಉಚ್ಚಾರಣೆಯಲ್ಲಿ ನಗದನ್ನು ನೆನಪಿಸುವ ಈ ಪದಕ್ಕೂ ಹಣಕ್ಕೂ ಸಂಬಂಧವಿಲ್ಲ, ಕೈಗೆ ಎಟಕುವಂತೆ ಇಟ್ಟ ಸಂಗ್ರಹವೆಂದು ಅರ್ಥ.) ಒಂದು ಗುರಿಗೆ ಹೊರಟ ಮೊದಲ ಪ್ಯಾಕೆಟ್ಟಿಗಾಗಿ ದೊಡ್ಡ ಕೋಷ್ಟಕವನ್ನು ಹುಡುಕಿ, ಸಿಕ್ಕ ಉತ್ತರವನ್ನು ಕ್ಯಾಶಿನಲ್ಲಿ ಬರೆದಿಡುವುದು, ಅದೇ ಗುರಿಯ ಮುಂದಿನ ಪ್ಯಾಕೆಟ್ಟುಗಳಿಗೆ ಅದನ್ನೇ ನೋಡುವುದು. ಇದೂ ಎರಡನೆಯ ಕೋಷ್ಟಕವೇ ಅಲ್ಲವೆ ಎಂದು ಕೇಳಬಹುದು. ಆದರೆ ಎರಡಕ್ಕೂ ಮೂಲಭೂತವಾದ ಅಂತರವಿದೆ. ಕ್ಯಾಶನ್ನು ತುಂಬುವುದು ಬಂದುಹೋಗುವ ಸಂಚಾರ. ರವಾನೆಕೋಷ್ಟಕವನ್ನು ತುಂಬುವುದು ಮಾರ್ಗಗಳ ಅರಿವು. ಹಿಂದೆ ಕೇಳಿದವರ ನೆನಪು ಮಾತ್ರ ಮೊದಲನೆಯದರಲ್ಲಿ. ಎರಡನೆಯದರಲ್ಲಿ ಮುಂದೆ ಯಾರು ಬಂದರೂ ಉತ್ತರ ಸಿದ್ಧವಾಗಿರುತ್ತದೆ. ಈ ಅಂತರವನ್ನು ಗುರುತಿಸದೆ ಹೋದರೆ ಮುಂದಿನ ಹತ್ತು ವರ್ಷಗಳ ಇತಿಹಾಸ ಅರ್ಥವಾಗುವುದಿಲ್ಲ.

ಒಂದು ಕಚೇರಿಯೊಳಗಿನ ಚಿಕ್ಕ ಜಾಲದಲ್ಲಿ ಕ್ಯಾಶು ಚೆನ್ನಾಗಿಯೇ ಕೆಲಸ ಮಾಡಿತು. ಅಲ್ಲಿನವರ ಗುರಿಗಳು ಮತ್ತೆ ಮತ್ತೆ ಅವೇ. ಬೆನ್ನೆಲುಬುಜಾಲದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಅಲ್ಲಿ ಪ್ರಪಂಚದ ಯಾವ ಮೂಲೆಗಾದರೂ ಹೊರಟ ಪ್ಯಾಕೆಟ್ಟುಗಳು ಬರುತ್ತವೆ. ವರ್ಲ್ಡ್ ವೈಡ್ ವೆಬ್ ಬೆಳೆದ ಮೇಲೆ ಚಿಕ್ಕ ಚಿಕ್ಕ ಸಂಭಾಷಣೆಗಳು ಹೆಚ್ಚಾದವು. ಮೇಲಾಗಿ ಮಾರ್ಗ ಬದಲಾದಾಗಲೆಲ್ಲ ಕ್ಯಾಶಿನ ಆ ಭಾಗವನ್ನು ಅಳಿಸಲೇಬೇಕು. ಲಬೋವಿಟ್ಸ್, ಮಲನ್ ಮತ್ತು ಜಹಾನಿಯನ್ ಇವರು ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ರೌಟರುಗಳ ನಡುವೆ ಓಡಾಡುತ್ತಿದ್ದ ಮಾರ್ಗಬದಲಾವಣೆಯ ಸುದ್ದಿಗಳಲ್ಲಿ ಬಹುಪಾಲು ನಿಷ್ಪ್ರಯೋಜಕವಾದವು ಎಂದು ತಿಳಿದುಬಂದಿತು. ಸುದ್ದಿ ಬಂದಷ್ಟೂ ಕ್ಯಾಶು ಬರಿದಾಗುತ್ತದೆ. ಬರಿದಾದಷ್ಟೂ ಪ್ಯಾಕೆಟ್ಟುಗಳು ನಿಧಾನದ ಹುಡುಕಾಟಕ್ಕೆ ಬೀಳುತ್ತವೆ. ಆ ಹುಡುಕಾಟವನ್ನು ನಡೆಸುವ ಪ್ರೊಸೆಸರೇ ಸುದ್ದಿಗಳನ್ನೂ ಓದಬೇಕಾದುದರಿಂದ ನೆರೆಯವರಿಗೆ ಉತ್ತರ ತಡವಾಗುತ್ತದೆ. ನೆರೆಯವರು ಈ ರೌಟರು ಸತ್ತಿತೆಂದು ತಿಳಿದು ಮತ್ತಷ್ಟು ಸುದ್ದಿ ಹಬ್ಬಿಸುತ್ತಾರೆ. ೧೯೮೦ರ ಅಕ್ಟೋಬರಿನ ವಿಪತ್ತು ಬೇರೆ ವೇಷದಲ್ಲಿ ಮರಳಿ ಬಂದಿತ್ತು.

ಇದೇ ಕಾಲದಲ್ಲಿ ಹುಡುಕಾಟವೂ ಕಷ್ಟವಾಯಿತು. ೧೯೮೧ರ ವ್ಯವಸ್ಥೆಯಲ್ಲಿ ಅಂತರ್ಜಾಲದ ವಿಳಾಸಗಳಿಗೆ ಮೂರು ಮುಖ್ಯ ವರ್ಗಗಳಿದ್ದವು. ಜಾಲವನ್ನು ಸೂಚಿಸುವ ಭಾಗ ೮, ೧೬ ಅಥವಾ ೨೪ ಬಿಟ್ಟುಗಳಷ್ಟೆ. ವಿಳಾಸಗಳ ಅಭಾವವನ್ನೂ ಕೋಷ್ಟಕಗಳ ಬೆಳವಣಿಗೆಯನ್ನೂ ತಡೆಯಲು ೧೯೯೩ರಲ್ಲಿ ವರ್ಗಗಳನ್ನು ಕೈಬಿಟ್ಟು, ಆದಿಭಾಗ ಎಷ್ಟು ಉದ್ದವಾದರೂ ಇರಬಹುದೆಂದು ಗೊತ್ತುಪಡಿಸಿದರು. ಇದು ಜಾಲವನ್ನು ಉಳಿಸಿದ ನಿರ್ಣಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಪರಿಣಾಮವಾಗಿ ಪಿನ್ ಕೋಡಿನ ಉದಾಹರಣೆಯಲ್ಲಿ ಕಂಡಂತೆ ಅತಿ ಉದ್ದದ ಹೊಂದಿಕೆಯನ್ನು ಅರಸುವುದು ಪ್ರತಿ ಪ್ಯಾಕೆಟ್ಟಿಗೂ ಅನಿವಾರ್ಯವಾಯಿತು. ಇಷ್ಟು ವೇಗದ ಹುಡುಕಾಟ ಸಾಮಾನ್ಯ ಪ್ರೊಸೆಸರಿನಿಂದ ಸಾಧ್ಯವಿಲ್ಲವೆಂದು ಬಹುಮಂದಿ ನಂಬಿದ್ದರು.

ಆ ನಂಬಿಕೆಯನ್ನು ಮುರಿದವರಲ್ಲಿ ಸ್ವೀಡನ್ನಿನ ಲೂಲಿಯೊ ನಗರದ ಸಂಶೋಧಕರು ಪ್ರಮುಖರು. ಡೇಗರ್ಮಾರ್ಕ್, ಬ್ರಾಡ್ನಿಕ್, ಕಾರ್ಲ್‌ಸನ್ ಮತ್ತು ಪಿಂಕ್ ಇವರು ೧೯೯೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ೪೦ ಸಾವಿರ ಮಾರ್ಗಗಳ ಕೋಷ್ಟಕವನ್ನು ೧೫೦ರಿಂದ ೧೬೦ ಕಿಲೋಬೈಟುಗಳಿಗೆ ಅಡಕಗೊಳಿಸಿ ತೋರಿಸಿದರು. ಅಷ್ಟು ಚಿಕ್ಕದಾದರೆ ಅದು ಪ್ರೊಸೆಸರಿನ ಮಗ್ಗುಲಿನ ವೇಗದ ಸ್ಮೃತಿಯಲ್ಲಿಯೇ ಹಿಡಿಸುತ್ತದೆ; ೨೦೦ ಮೆಗಾಹರ್ಟ್ಸಿನ ಪೆಂಟಿಯಂ ಪ್ರೋ ಕೂಡ ಸೆಕೆಂಡಿಗೆ ಕೆಲವು ದಶಲಕ್ಷ ಹುಡುಕಾಟಗಳನ್ನು ನಡೆಸಬಲ್ಲದು. ಈ ಅಡಕಕ್ಕೆ ಒಂದು ಬೆಲೆಯುಂಟು. ಹೀಗೆ ಹಿಂಡಿ ಕಟ್ಟಿದ ಕೋಷ್ಟಕದಲ್ಲಿ ಒಂದು ಸಾಲನ್ನು ತಿದ್ದುವುದು ಸುಲಭವಲ್ಲ. ಮೂಲಕೋಷ್ಟಕದಿಂದ ಅದನ್ನು ಹೊಸದಾಗಿ ಕಟ್ಟುವುದೇ ಮೇಲು. ತಿದ್ದಲು ಅನುಕೂಲವಾದ ರೂಪವೂ ಓದಲು ಅನುಕೂಲವಾದ ರೂಪವೂ ಒಂದೇ ಆಗಿರಲಾರದೆಂಬ ಮಾತು ಇಲ್ಲಿ ಲೆಕ್ಕದಿಂದಲೇ ಸಿದ್ಧವಾಯಿತು. ಎರಡು ಕೋಷ್ಟಕಗಳಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ.

ಸಿಸ್ಕೋ ಕಂಪನಿಯೂ ೧೯೯೦ರ ದಶಕದ ಉತ್ತರಾರ್ಧದಲ್ಲಿ ಬೆನ್ನೆಲುಬುಜಾಲದ ರೌಟರುಗಳಿಗಾಗಿ ಕ್ಯಾಶನ್ನು ಬಿಟ್ಟು, ಮಾರ್ಗಕೋಷ್ಟಕದ ಪೂರ್ಣ ಪ್ರತಿಬಿಂಬವನ್ನು ಮುಂಗಡವಾಗಿಯೇ ರವಾನೆಕೋಷ್ಟಕದಲ್ಲಿ ಕಟ್ಟಿಡುವ ಎಕ್ಸ್‌ಪ್ರೆಸ್ ಫಾರ್ವರ್ಡಿಂಗ್ ಕ್ರಮಕ್ಕೆ ಬಂದಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಪ್ರದೀಪ್ ಸಿಂಧು ೧೯೯೬ರಲ್ಲಿ ಸ್ಥಾಪಿಸಿದ ಜ್ಯೂನಿಪರ್ ಕಂಪನಿ ೧೯೯೮ರಲ್ಲಿ ಹೊರತಂದ ಎಂ. ೪೦ ಎಂಬ ರೌಟರಿನಲ್ಲಂತೂ ಈ ಬೇರ್ಪಾಟು ಕಣ್ಣಿಗೇ ಕಾಣುವಂತಿತ್ತು. ಮಾರ್ಗಗಳನ್ನು ಯೋಚಿಸಲು ಒಂದು ಸಾಮಾನ್ಯ ಗಣಕ. ಪ್ಯಾಕೆಟ್ಟುಗಳನ್ನು ಸಾಗಿಸಲು ಅದಕ್ಕೆಂದೇ ನಿರ್ಮಿಸಿದ ಚಿಪ್ಪುಗಳು. ಎರಡರ ನಡುವೆ ಒಂದು ಒಳತಂತಿ. ಈ ಚಿಪ್ಪುಗಳು ಸೆಕೆಂಡಿಗೆ ೪ ಕೋಟಿ ಪ್ಯಾಕೆಟ್ಟುಗಳನ್ನು ಸಾಗಿಸಬಲ್ಲವಾಗಿದ್ದವು. ವೇಗದ ಅಗತ್ಯವನ್ನು ಅಂಕಗಳಲ್ಲಿ ಹೇಳುವುದಾದರೆ, ಸೆಕೆಂಡಿಗೆ ೧೦ ಗಿಗಾಬಿಟ್ಟಿನ ಒಂದೇ ಈಥರ್ನೆಟ್ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳೇ ಬಂದರೆ ಅವುಗಳ ಸಂಖ್ಯೆ ಸೆಕೆಂಡಿಗೆ ಸುಮಾರು ೧ ಕೋಟಿ ೪೮ ಲಕ್ಷ; ಒಂದೊಂದಕ್ಕೂ ದೊರೆಯುವ ವೇಳೆ ೬೭ ನ್ಯಾನೋಸೆಕೆಂಡು. ಮಾರ್ಗಗಳನ್ನು ತೂಗಿನೋಡುವ ಕೆಲಸಕ್ಕೆ ಸೆಕೆಂಡುಗಳೇ ಹಿಡಿದರೂ ಬಾಧಕವಿಲ್ಲ.

ಎರಡು ಕೋಷ್ಟಕಗಳ ಒಳಗಣ ವಸ್ತುವೂ ಭಿನ್ನವಾದುದು. ಬೇರೆ ಬೇರೆ ಆಡಳಿತಗಳ ಜಾಲಗಳನ್ನು ಜೋಡಿಸುವ ಬಿ.ಜಿ.ಪಿ. ಎಂಬ ಒಪ್ಪಂದವನ್ನು ೧೯೮೯ರಲ್ಲಿ ಲಾಹೀಡ್ ಮತ್ತು ರೆಕ್ಟರ್ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಬರೆದು ರೂಪಿಸಿದರೆಂಬುದು ಪ್ರಸಿದ್ಧವಾದ ಕಥೆ. ಆ ಒಪ್ಪಂದದ ಪ್ರಕಾರ ನೆರೆಯವರು ಹೇಳಿದ್ದೆಲ್ಲ ಒಂದೆಡೆ, ತಾನು ಆಯ್ದದ್ದು ಇನ್ನೊಂದೆಡೆ, ತಾನು ಇತರರಿಗೆ ಹೇಳಲಿರುವುದು ಮತ್ತೊಂದೆಡೆ ಇರುತ್ತದೆ. ಒಂದೇ ಗುರಿಗೆ ಹತ್ತು ದಾರಿಗಳಿರಬಹುದು. ದಾರಿಯ ಮುಂದಿನ ನೆಲೆ ಹತ್ತು ಊರು ಆಚೆ ಇರಬಹುದು. ರವಾನೆಕೋಷ್ಟಕಕ್ಕೆ ಇದೊಂದೂ ಬೇಡ. ಆಚೆಯ ನೆಲೆಯನ್ನು ಮುಟ್ಟಲು ಈಗ ಯಾವ ತಂತಿ, ಆ ತಂತಿಯ ತುದಿಯಲ್ಲಿರುವ ಯಂತ್ರದ ವಿಳಾಸ ಏನು ಎಂಬುದನ್ನು ಮೊದಲೇ ಬಿಡಿಸಿ ಬರೆದಿಟ್ಟರೆ ಸಾಕು.

ಬೇರ್ಪಾಟಿನ ಲಾಭ ವೇಗವೊಂದೇ ಅಲ್ಲ. ಯೋಚಿಸುವ ಭಾಗ ಕೆಟ್ಟು ಮರಳಿ ಚಾಲನೆಗೊಳ್ಳುತ್ತಿರುವಾಗಲೂ ರವಾನೆ ಮುಂದುವರಿಯಬಹುದೆಂಬುದನ್ನು ಗಮನಿಸಿ, ೨೦೦೩ರಲ್ಲಿ ಓ.ಎಸ್.ಪಿ.ಎಫ್. ಒಪ್ಪಂದಕ್ಕೂ ೨೦೦೭ರಲ್ಲಿ ಬಿ.ಜಿ.ಪಿ.ಗೂ ತಕ್ಕ ನಿಯಮಗಳನ್ನು ಸೇರಿಸಿದರು. ಇಂಥ ರೌಟರು ಮರಳಿ ಬರುವವರೆಗೆ ನೆರೆಯವರು ತಾಳ್ಮೆಯಿಂದ ಕಾಯುತ್ತಾರೆ. ಹಳೆಯ ಪಟ್ಟಿಯ ಪ್ರಕಾರವೇ ಸಂಚಾರ ನಡೆಯುತ್ತದೆ. ಸಂಪರ್ಕ ಕಡಿದ ಹೊತ್ತಿನಲ್ಲಿ ಬ್ಯಾಂಕಿನ ಗುಮಾಸ್ತ ಹಿಂದಿನ ಸಂಜೆಯ ಬಾಕಿಪಟ್ಟಿಯನ್ನು ನೋಡಿ ಹಣ ಕೊಡುವುದಕ್ಕೆ ಇದನ್ನು ಹೋಲಿಸಬಹುದು. ಗಿರಾಕಿಗಳು ಬರಿಗೈಯಲ್ಲಿ ಮರಳುವುದು ತಪ್ಪುತ್ತದೆ, ನಿಜ. ಬೆಳಗ್ಗೆ ಬೇರೊಂದು ಶಾಖೆಯಲ್ಲಿ ಹಣ ತೆಗೆದವನಿಗೆ ಅದೇ ಹಣವನ್ನು ಮತ್ತೊಮ್ಮೆ ಕೊಡುವ ಅಪಾಯವೂ ನಿಜ. ಹಳೆಯ ರವಾನೆಕೋಷ್ಟಕವನ್ನು ನಂಬಿದ ರೌಟರೂ ಅಷ್ಟರಲ್ಲಿ ಕಡಿದುಹೋದ ದಾರಿಗೆ ಪ್ಯಾಕೆಟ್ಟುಗಳನ್ನು ಸುರಿಯುತ್ತಿರಬಹುದು. ಮಾರ್ಗಕೋಷ್ಟಕವನ್ನು ತೆರೆದು ನೋಡಿದರೆ ಎಲ್ಲವೂ ಸರಿಯಾಗಿದ್ದು, ರವಾನೆಕೋಷ್ಟಕದಲ್ಲಿ ಬೇರೆಯೇ ಇರುವ ಸಂದರ್ಭಗಳನ್ನು ಪತ್ತೆಹಚ್ಚುವುದು ಜಾಲದ ಮೇಲ್ವಿಚಾರಕರ ಕೆಲಸಗಳಲ್ಲಿ ಅತ್ಯಂತ ಕಠಿನವಾದದ್ದು.

ಎರಡರ ನಡುವಣ ಬಿರುಕು ಲೋಕಕ್ಕೆಲ್ಲ ತಿಳಿದದ್ದು ೨೦೧೪ರ ಆಗಸ್ಟ್ ೧೨ರಂದು. ಹುಡುಕಾಟಕ್ಕಾಗಿ ಬಳಸುವ ವಿಶೇಷ ಸ್ಮೃತಿ ದುಬಾರಿಯಾದುದು, ಆದಕಾರಣ ಮಿತವಾದುದು. ಸಿಸ್ಕೋ ಕಂಪನಿಯ ೬೫೦೦ ಮತ್ತು ೭೬೦೦ ಮಾಲಿಕೆಗಳ ಎಷ್ಟೋ ಯಂತ್ರಗಳಲ್ಲಿ ಹಳೆಯ ಪದ್ಧತಿಯ ವಿಳಾಸಗಳಿಗಾಗಿ ಗೊತ್ತುಪಡಿಸಿದ್ದ ಸ್ಥಳ ೫೧೨ ಸಾವಿರ ಮಾರ್ಗಗಳಿಗೆ ಮಾತ್ರ. ಜಗತ್ತಿನ ಮಾರ್ಗಗಳ ಸಂಖ್ಯೆ ಆಗ ಆ ಗೆರೆಯ ಸಮೀಪಕ್ಕೆ ಬಂದಿತ್ತು. ಅಂದು ವೆರೈಜನ್ ಕಂಪನಿಯ ಜಾಲದಿಂದ ಸುಮಾರು ೧೫ ಸಾವಿರ ಹೊಸ ಮಾರ್ಗಗಳು ಒಮ್ಮೆಗೇ ಪ್ರಕಟವಾದವು. ಸ್ವಲ್ಪ ಹೊತ್ತಿನಲ್ಲಿ ಅವು ಹಿಂತೆಗೆಯಲ್ಪಟ್ಟವಾದರೂ ಆಗಬೇಕಾದ ಹಾನಿ ಆಗಿಹೋಗಿತ್ತು. ಅನೇಕ ರೌಟರುಗಳ ಮಾರ್ಗಕೋಷ್ಟಕದಲ್ಲಿ ಎಲ್ಲ ಮಾರ್ಗಗಳೂ ದಾಖಲಾದವು. ರವಾನೆಕೋಷ್ಟಕದಲ್ಲಿ ಅವುಗಳಿಗೆ ಎಡೆಯಿರಲಿಲ್ಲ. ಎಡೆ ಸಿಗದ ಪ್ಯಾಕೆಟ್ಟುಗಳ ಭಾರ ನಿಧಾನದ ಪ್ರೊಸೆಸರಿನ ಮೇಲೆ ಬಿದ್ದು ಹಲವು ಜಾಲಗಳು ಕುಂಟಿದವು, ಕೆಲವು ನಿಂತವು. ರೌಟರು ದಾರಿಯನ್ನು ಬಲ್ಲುದು, ಆದರೆ ಆ ದಾರಿಯಲ್ಲಿ ಕಳುಹಿಸಲಾರದು ಎಂಬ ವಿಚಿತ್ರ ಸ್ಥಿತಿ ಅಂದು ಉಂಟಾಯಿತು.

ಈ ಮಿತಿಯ ಬಗ್ಗೆ ತಯಾರಕರು ಮೊದಲೇ ಎಚ್ಚರಿಸಿದ್ದರು. ಪರಿಹಾರವೂ ಸರಳವೇ: ಹೊಸ ಪದ್ಧತಿಯ ವಿಳಾಸಗಳಿಗೆ ಮೀಸಲಿಟ್ಟ ಸ್ಥಳದಲ್ಲಿ ಒಂದು ಪಾಲನ್ನು ಹಳೆಯದಕ್ಕೆ ಕೊಟ್ಟು ಯಂತ್ರವನ್ನು ಮರಳಿ ಚಾಲನೆಗೊಳಿಸುವುದು. ಹಗಲು ರಾತ್ರಿ ನಡೆಯುವ ಯಂತ್ರವನ್ನು ಹೀಗೆ ನಿಲ್ಲಿಸಲು ಮನಸ್ಸಾಗದೆ ಹಲವರು ಮುಂದೂಡುತ್ತ ಬಂದಿದ್ದರೆಂಬುದು ಊಹಿಸಲು ಕಷ್ಟವಲ್ಲ. ಆಗ ಎಷ್ಟೋ ಕಡೆ ಮಿತಿಯನ್ನು ೭೬೮ ಸಾವಿರಕ್ಕೆ ಏರಿಸಲಾಯಿತು. ೨೦೧೯ರಲ್ಲಿ ಮಾರ್ಗಗಳ ಸಂಖ್ಯೆ ಆ ಗೆರೆಯನ್ನೂ ಮುಟ್ಟಿದಾಗ ಮೇಲ್ವಿಚಾರಕರು ಮೊದಲೇ ಸಿದ್ಧರಾಗಿದ್ದುದರಿಂದ ದೊಡ್ಡ ಗದ್ದಲವೇನೂ ಆಗಲಿಲ್ಲ. ಇಂದು ಆ ಸಂಖ್ಯೆ ೯ ಲಕ್ಷಕ್ಕೂ ಮೀರಿದೆ.